ಕಂಬಕ್ಕೆ ಕಟ್ಟಿದ ಮೈಕು

ಮುಸರ್ರತಳ ಲ್ಯಾಪ್‌ಟಾಪಿನಲ್ಲಿ ಡೋಲು ತಟ್ಟನೆ ತಗ್ಗಿತು. ಕಾಂತಾಬಾಯಿಯ ದನಿ ಬಂದಾಗ ಮಾತ್ರ ತಗ್ಗಬೇಕಾದ ಡೋಲು ಅದು. ಆದರೆ ಆ ಹೊತ್ತಿಗೆ ಕಾಂತಾಬಾಯಿ ಹಾಡುತ್ತಲೇ ಇರಲಿಲ್ಲ. ಒಂದು ನುಡಿ ಮುಗಿಸಿ, ಉಸಿರು ತಗೊಂಡು, ಬೀಸುವ ಕಲ್ಲಿಗೆ ಜೋಳ ಹಾಕಲೆಂದು ಸುಮ್ಮನಾಗಿದ್ದಳು.

ಮುಸರ್ರತ ಹಿಂದಕ್ಕೆ ಸರಿಸಿ ಮತ್ತೆ ಕೇಳಿದಳು. ಅದೇ ಜಾಗ, ಅದೇ ತಗ್ಗು. ಯಾರೋ ಡೋಲಿನ ಮೇಲೆ ಅಂಗೈ ಇಟ್ಟು ಸುಮ್ಮನಿರು ಅಂದ ಹಾಗೆ.

ಬೀದರಿನ ಚೌಬಾರಾ ಗೋಪುರದ ಹಿಂದಿನ ಗಲ್ಲಿಯ ಒಂದು ಕೋಣೆಯಲ್ಲಿ ಅವಳ ತಾಯಿ ಅಜೀಜಾ ಬೇಗಂ ಬಟ್ಟೆ ಹೊಲಿಯುತ್ತಾಳೆ. ಆ ಕೋಣೆಯ ಮೇಲಿನ ಅಟ್ಟದಂಥ ಜಾಗವೇ ಮುಸರ್ರತಳ ಸ್ಟುಡಿಯೋ. ಗೋಡೆಗೆ ಹಳೆ ರಜಾಯಿ, ಮೇಜಿನ ಮೇಲೆ ಲ್ಯಾಪ್‌ಟಾಪು, ಎರಡು ಸಣ್ಣ ಸ್ಪೀಕರು. ಯಾರೂ ಕಲಿಸಿದ್ದಲ್ಲ, ಫೋನಿನಲ್ಲಿ ನೋಡಿ, ಭಾಲ್ಕಿಯಲ್ಲಿ ಡಿಜೆ ಸೌಂಡು ಇಟ್ಟುಕೊಂಡಿರುವ ಪ್ರವೀಣಕುಮಾರನ ತಲೆ ತಿಂದು ಕಲಿತದ್ದು. ಈ ಸೈಡ್‌ಚೈನ್ ಅನ್ನುವುದನ್ನೂ ಅವನೇ ಫೋನಿನಲ್ಲಿ ಹೇಳಿಕೊಟ್ಟಿದ್ದ. ಡೋಲಿನ ಮೇಲೆ ದನಿ ಒತ್ತಿ ಇಳಿಸುವ ಒಂದು ಕಂಪ್ರೆಸರ್ ಕೂರಿಸುವುದು, ಅದರ ಕಿವಿಯನ್ನು ಮಾತ್ರ ಹಾಡಿನ ಟ್ರ್ಯಾಕಿಗೆ ಜೋಡಿಸುವುದು. ಹಾಡಿದರೆ ಡೋಲು ತಾನಾಗಿ ತಗ್ಗುತ್ತದೆ, ಹಾಡು ನಿಂತರೆ ಏಳುತ್ತದೆ. ನಮ್ಮ ದಾದಿ, ಅಪ್ಪನ ತಾಯಿ, ಮಾತಿಗೆ ಬಾಯಿ ತೆಗೆದರೆ ಮನೆಯವರೆಲ್ಲ ದನಿ ಇಳಿಸುತ್ತಿದ್ದರಲ್ಲ, ಹಾಗೇ ಇದು ಎಂದು ಅವಳು ತಾಯಿಗೆ ಬಿಡಿಸಿ ಹೇಳಿದ್ದಳು. ಹಾಗಾದರೆ ಒಂದು ನಮ್ಮ ಓಣಿಗೂ ಹಾಕು ಎಂದು ತಾಯಿ ಅಂದಿದ್ದಳು.

ಹಾಡು ಚಿಂತಾಕಿಯ ಕಾಂತಾಬಾಯಿಯದು. ಮೊಮ್ಮಗಳು ಪ್ರಣಿತಾ ಕಾಲೇಜಿನಲ್ಲಿ ಮುಸರ್ರತಳ ಗೆಳತಿ. ಆಯಿಯ ಬೀಸುವ ಹಾಡುಗಳನ್ನು ಹಿಡಿದಿಡಬೇಕು, ಹಿಂದೆ ಸ್ವಲ್ಪ ಡೋಲು ಇದ್ದರೆ ನಮ್ಮ ವಾರಿಗೆಯವರೂ ಕೇಳುತ್ತಾರೆ ಎಂಬುದು ಅವಳ ಆಸೆ. ಒಂದೇ ಹಾಡಿಗಾಗಿ ಮುಸರ್ರತ ಮೂರು ಸಲ ಚಿಂತಾಕಿಗೆ ಹೋಗಿ ಬಂದಿದ್ದಳು.

ಮುದುಕಿಯ ದನಿ ಸಾಲಿನ ಕೊನೆಗೆ ತೀರಾ ಇಳಿಯುತ್ತದೆ. ಅದಕ್ಕೇ ಥ್ರೆಶೋಲ್ಡನ್ನು, ಎಷ್ಟು ದನಿಗೆ ಡೋಲು ತಗ್ಗಬೇಕೆಂಬ ಗೆರೆಯನ್ನು, ಬಹಳ ಕೆಳಗಿಟ್ಟಿದ್ದಳು; ಪಿಸುಮಾತಿಗೂ ಡೋಲು ತಗ್ಗಲಿ ಎಂದು. ಈಗ ಅದು ಪಿಸುಮಾತೂ ಅಲ್ಲದ ಯಾವುದಕ್ಕೋ ತಗ್ಗುತ್ತಿತ್ತು. ಡೋಲು ತಗ್ಗಿದ್ದನ್ನು ತೋರಿಸುವ ಪರದೆಯ ಮೇಲಿನ ಮುಳ್ಳು ಬಿಡುವಿನಲ್ಲೊಮ್ಮೆ, ಮತ್ತೆ ಮುಂದಿನ ಬಿಡುವಿನಲ್ಲಿ ಎರಡು ಸಲ ಹೌಹಾರಿದ ಹಾಗೆ ಕೆಳಗೆ ಬಿತ್ತು. ಸ್ಪೀಕರಿನಲ್ಲಿ ಏನೂ ಕೇಳಿಸದು.

ಪ್ರವೀಣಕುಮಾರನಿಗೆ ಫೋನು ಹಚ್ಚಿದಳು. ಅವನಿಗೆ ಇಂಥದರಲ್ಲಿ ತಮಾಷೆಯೇ ಮೊದಲು.

"ಆಪಾ, ಮೈಕು ಮತ್ತ ಕಂಬಕ್ಕೇ ಕಟ್ಟೀರಿಲ್ಲ? ಸ್ಟ್ಯಾಂಡ್ ತಗೋರಿ ತಗೋರಿ ಅಂತ ಎಷ್ಟು ಸಲ ಹೇಳ್ಬೇಕ್ರಿ. ಕಂಬಕ್ಕ ಕಟ್ಟಿದ್ರ ಆಡು ಮೈ ತಿಕ್ಕಿದ್ದೂ ಬರ್ತದ, ಕೋಳಿ ಕೆದರಿದ್ದೂ ಬರ್ತದ."

ಅದು ನಿಜವೇ. ಸ್ಟ್ಯಾಂಡು ಬಸ್ಸಿನಲ್ಲಿ ಒಯ್ಯುವುದು ತ್ರಾಸೆಂದು ಅವಳು ಮೂರು ಸಲವೂ ನಡುಮನೆಯ ಕಂಬಕ್ಕೆ ಮೈಕನ್ನು ಓಢಣಿಯಿಂದ ಬಿಗಿದಿದ್ದಳು. ಸೈಡ್‌ಚೈನಿಗೆ ಒಂದು ಫಿಲ್ಟರ್ ಹಾಕಿ ಕೆಳಗಿನ ದನಿ ಕತ್ತರಿಸಿಬಿಡಿ, ಭೂತ ಓಡಿಹೋಗುತ್ತದೆ ಎಂದು ಹೇಳಿ ಅವನು ಫೋನಿಟ್ಟ.

ಹಾಕಿದಳು. ಮುಳ್ಳು ಸುಮ್ಮನಾಯಿತು. ಡೋಲು ಎಲ್ಲಿ ತಗ್ಗಬೇಕೋ ಅಲ್ಲಷ್ಟೇ ತಗ್ಗಿತು. ಕೆಲಸ ಮುಗಿದಂತೆಯೇ. ಆದರೆ ಮುಸರ್ರತಳಿಗೆ ಒಂದು ಕೆಟ್ಟ ಚಾಳಿ: ಯಾರ ದನಿಯನ್ನಾದರೂ ಕತ್ತರಿಸುವ ಮೊದಲು ಅದು ಏನನ್ನುತ್ತಿತ್ತು ಎಂದು ಒಮ್ಮೆ ಕೇಳಲೇಬೇಕು. ಫಿಲ್ಟರ್ ತೆಗೆದಳು. ದೊಡ್ಡ ಹೆಡ್‌ಫೋನು ಹಾಕಿಕೊಂಡು, ಡೋಲು ಮುಚ್ಚಿ, ಹಾಡಿನ ಬಿಡುವನ್ನಷ್ಟೇ ಜೋರಾಗಿ ಇಟ್ಟಳು.

ದಪ್.

ಎಲ್ಲೋ ಒಳಗೆ, ಗೋಡೆಯಾಚೆ ಯಾರೋ ಮುಷ್ಟಿಯಿಂದ ಗುದ್ದಿದ ಹಾಗೆ. ಅದರ ಬೆನ್ನಿಗೇ ಕಡಕ್ ರೊಟ್ಟಿ ಮುರಿದಷ್ಟು ಸಣ್ಣ ಸದ್ದು.

ಅವಳು ಹೆಡ್‌ಫೋನು ಕಿತ್ತು ಕುತ್ತಿಗೆಗೆ ಇಳಿಸಿಕೊಂಡಳು. ಮೊದಲ ಸಲ ಹೋದಾಗ ಕಾಂತಾಬಾಯಿ ಹೇಳಿದ ಮಾತು ನೆನಪಾಗಿತ್ತು. ತೀರಿಹೋದ ಗಂಡ ಬಕ್ಕಪ್ಪ ಕುರಿ ಹೊಡಕೊಂಡು ಬಂದವನು ಆ ಕಂಬಕ್ಕೇ ಒರಗಿ ಕೂರುತ್ತಿದ್ದನಂತೆ. ಹೆಂಡತಿ ಬೀಸುತ್ತ ಹಾಡಿದರೆ ಬೆರಳಿನ ಉಂಗುರದಿಂದ ಕಂಬ ಬಡಿದು ತಾಳ ಹಾಕುತ್ತಿದ್ದನಂತೆ. ಮುಸರ್ರತ ಮನಸ್ಸಿನಲ್ಲೇ ಕಲ್ಮಾ ಓದಿಕೊಂಡಳು. ಕೆಳಗೆ ತಾಯಿಯ ಮಷೀನು ಓಡುವುದು ಕೇಳಿ ಸ್ವಲ್ಪ ಧೈರ್ಯ ಬಂತು.

ಆಮೇಲೆ ಅವಳಿಗೆ ಉಳಿದೆರಡು ರೆಕಾರ್ಡಿಂಗು ತೆಗೆದು ನೋಡುವ ಬುದ್ಧಿ ಬಂತು. ಮೊದಲ ದಿನದ್ದು ಕೆಟ್ಟುಹೋಗಿತ್ತು. ಮಾಳಿಗೆಯ ಮಣ್ಣಿನ ಚಾವಣಿ ಸೋರಿ, ಕೊಡದೊಳಗೆ ಹನಿ ಬೀಳುವ ಟಪ್ ಟಪ್ ಹಾಡಿನ ತುಂಬ ಇತ್ತು. ಆದರೆ ಈ ಗುದ್ದು ಒಂದೂ ಇಲ್ಲ. ಎರಡನೆಯದು ವಾರದ ನಂತರದ್ದು, ಅದರಲ್ಲಿ ನಾಲ್ಕು. ಮೂರನೆಯದು ಮೊನ್ನೆ ಶುಕ್ರವಾರದ್ದು. ಬೆರಳು ಮಡಚುತ್ತ ಎಣಿಸಿದಳು. ಹತ್ತೊಂಬತ್ತು.

ಒಂದನೆಯದಕ್ಕೂ ಎರಡನೆಯದಕ್ಕೂ ನಡುವೆ ಏನಾಗಿತ್ತು ಎಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಅವಳೇ ಮಾಡಿಸಿದ್ದು. ಹನಿಯ ಸದ್ದು ನಿಂತರೆ ಹಾಡು ಚಂದ ಬರುತ್ತದೆ, ಮಾಳಿಗೆ ಮೇಲೆ ನೀರು ತಡೆಯುವ ಸವುಳು ಮಣ್ಣು ಇನ್ನೊಂದು ಪದರ ಹಾಕಿಸಿರಿ ಎಂದು ಕಾಂತಾಬಾಯಿಯ ಮಗ ಅಶೋಕಕುಮಾರನಿಗೆ ದುಂಬಾಲು ಬಿದ್ದಿದ್ದಳು. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಹಾಕುವ ಮಣ್ಣು. ಈ ಸಲದ್ದು ಆಗಲೇ ಹಾಕಿಯಾಗಿತ್ತು. ಹಾಡಿನ ಸಲುವಾಗಿ ಆತ ಮತ್ತೊಂದು ಗೇಣು ಹೇರಿದ್ದ. ಆ ಮಣ್ಣು ಈಗ ಮೂರು ದಿನದಿಂದ ಮಳೆ ಕುಡಿಯುತ್ತಿತ್ತು.

ಸದ್ದಿನ ತುಣುಕನ್ನು ಪ್ರವೀಣಕುಮಾರನಿಗೆ ಕಳಿಸಿದಳು. ಎರಡೇ ನಿಮಿಷಕ್ಕೆ ಅವನ ಫೋನು ಬಂತು. ದನಿಯಲ್ಲಿ ತಮಾಷೆ ಇರಲಿಲ್ಲ.

"ಆಪಾ, ಇದು ಎಲ್ಲೀದು?"

"ಆಯಿ ಮನೀದು. ಯಾಕ?"

"ನಾವು ಖಟಕ ಚಿಂಚೋಳಿಗೆ ಲಗ್ನಕ್ಕ ಹೋದಾಗ ಕಟ್ಟಿಗಿ ಸ್ಟೇಜಿನ ಮ್ಯಾಲ ಸ್ಪೀಕರ್ ಪೇರ್ಸಿದ್ವಿ. ಹಲಗಿ ಮುರಿಯೋ ಮುಂಚೆ ಹಿಂಗೇ ಮಾತಾಡಿತ್ರಿ. ಈಗ ಈ ಸದ್ದು ಕಿವಿಗೆ ಬಿದ್ರ ನಾ ಅಲ್ಲಿ ನಿಂದ್ರಂಗಿಲ್ಲ. ಅವರಿಗಿ ಹೊರಗ ಬರ್ರಿ ಅಂತ ಹೇಳ್ರಿ."

ಪ್ರಣಿತಾಳ ಫೋನು ಹತ್ತಲಿಲ್ಲ. ಅಶೋಕಕುಮಾರನದು ಹತ್ತಿತು. ಆತ ನಕ್ಕು, ನಾಲ್ಕು ತಲೆಮಾರು ಕಂಡ ತೊಲೆ ಅದು, ನಿನ್ನ ಕಂಪ್ಯೂಟರಿಗೆ ಹೆದರುವುದಿಲ್ಲ ಅಂದ. ಕರೆಂಟಿಲ್ಲ, ಫೋನು ಸಾಯುತ್ತದೆ ಅಂದ. ಅಷ್ಟರಲ್ಲಿ ಅದು ಸತ್ತೂ ಹೋಯಿತು.

ಮುಸರ್ರತ ತಾಯಿಗೆ ಎರಡು ಮಾತು ಹೇಳಿ, ಮೈಕು, ವೈರಿನ ಸುರುಳಿ, ಹೆಡ್‌ಫೋನು, ಲ್ಯಾಪ್‌ಟಾಪು, ಸೆಲ್ಲಿನ ಪುಟ್ಟ ಸ್ಪೀಕರು ಚೀಲಕ್ಕೆ ತುರುಕಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದಳು. ಇವನ್ನೆಲ್ಲ ಯಾಕೆ ತಂದೆ ಎಂದು ಔರಾದ ಬಸ್ಸು ಹತ್ತಿದ ಮೇಲೆ ಯೋಚಿಸಿದಳು. ಬಾಯಿಮಾತಿಗೆ ಅವರು ಹೊರಗೆ ಬರುವುದಿಲ್ಲ. ಕಿವಿಗೆ ಬಿದ್ದರೆ ಬಂದಾರು.

ಆ ಬಸ್ಸೋ, ಒಂದೊಂದು ಊರಿಗೂ ನಿಂತು ಒಬ್ಬೊಬ್ಬರ ಕೊಡೆ ಮಡಚುವವರೆಗೂ ಕಾಯುವಂಥದು. ಪಕ್ಕದಲ್ಲಿ ಕೂತ ಹೆಂಗಸು ಯಾವೂರು, ಯಾರ ಮನೆ ಎಂದು ವಿಚಾರಿಸುತ್ತಲೇ ಇದ್ದಳು. ಮುಸರ್ರತ ಉತ್ತರ ಕೊಡುತ್ತಲೇ ಇದ್ದಳು, ಏನಂದಳೋ ಅವಳಿಗೇ ತಿಳಿಯದು. ಬಸ್ಸಿನ ತಗಡು ದಪ್ ಎಂದಾಗಲೆಲ್ಲ ತಲೆಯೆತ್ತಿ ಮೇಲೆ ನೋಡುತ್ತಿದ್ದಳು. ಔರಾದದಲ್ಲಿ ಇಳಿದು, ಚಿಂತಾಕಿ ಕಡೆ ಹೊರಟ ಒಂದು ಜೀಪಿನ ಹಿಂದೆ ತೂರಿಕೊಂಡಳು. ಕಿಟಕಿಯಾಚೆ ಸೋಯಾ ಹೊಲಗಳಲ್ಲಿ ನೀರು ನಿಂತಿತ್ತು. ಒಂದು ಊರಿನ ಅಂಚಿನಲ್ಲಿ ಮಣ್ಣಿನ ಗೋಡೆಯೊಂದು ಅರ್ಧ ಕುಸಿದು, ಒಳಗಿನ ಗೂಡಿನಲ್ಲಿಟ್ಟ ದೀಪ ಹೊರಗಿನವರಿಗೆ ಕಾಣುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಳು.

ಮಧ್ಯಾಹ್ನ ಮೂರರ ಹೊತ್ತಿಗೆ ಚಿಂತಾಕಿ ಮುಟ್ಟಿದಾಗ ಮನೆ ಇತ್ತು. ಕಟ್ಟೆಯ ಮೇಲೆ ಅಶೋಕಕುಮಾರ ಹಗ್ಗ ಹೊಸೆಯುತ್ತ ಕೂತಿದ್ದ. ಮಳೆ ಸಣ್ಣಗೆ ಜಿನುಗುತ್ತಿತ್ತು. ಅವಳಿಗೆ ಅಳು ಬರುವಂತಾಯಿತು.

"ಬಾ ಬೇಟಾ. ಮನಿ ಬಿದ್ದದೇನು ನೋಡ್ಲಿಕ್ಕಿ ಬಂದಿಯೇನು?" ಅಂದ ಆತ. "ಕಟ್ಟಿಗಿ ಮಳಿಗಾಲದಾಗ ಜರಾ ಮಾತಾಡ್ತದ. ಮನಷ್ಯಾರಿಗಿಂತ ಕಮ್ಮೀನೇ."

"ಕಾಕಾ, ಒಂದ್ಸಲ ಕೇಳ್ರಿ. ಕೇಳಿದ ಮ್ಯಾಲ ಬೈರಿ."

ಅವಳು ವಾದಕ್ಕೆ ನಿಲ್ಲಲಿಲ್ಲ. ಒಳಗೆ ಹೋಗಿ ಅದೇ ಕಂಬಕ್ಕೆ ಓಢಣಿಯಿಂದ ಮೈಕು ಬಿಗಿದಳು. ಗಂಟು ಎರಡು ಸಲ ತಪ್ಪಿತು. ತಲೆಯ ಮೇಲೆ ಹೊಗೆ ಹಿಡಿದು ಕರ್ರಗಾದ ತೊಲೆ, ಅದರ ಮೇಲೆ ಸಾಲುಜಂತಿ, ಅದರ ಮೇಲೆ ಅವಳು ಹೇರಿಸಿದ ಮಣ್ಣು. ಮೇಲೆ ನೋಡದೆ ವೈರು ಬಿಚ್ಚುತ್ತ ಹಿಂದಕ್ಕೆ ನಡೆದು ಹೊರಗೆ ಬಂದಳು. ಅಡುಗೆಮನೆಯಲ್ಲಿದ್ದ ಪ್ರಣಿತಾ ಮತ್ತು ಕಾಂತಾಬಾಯಿಯನ್ನೂ ಹೊರಗೆ ಕರೆದಳು. ಹೊಸ ಆಟವೇನೋ ಎಂದು ಮುದುಕಿ ಕೈ ಒರೆಸಿಕೊಳ್ಳುತ್ತ ಬಂದು ಕಟ್ಟೆಗೆ ಕೂತಳು.

ಲ್ಯಾಪ್‌ಟಾಪು ಕಟ್ಟೆಯ ಮೇಲಿಟ್ಟು, ಪುಟ್ಟ ಸ್ಪೀಕರಿಗೆ ಡೋಲು ಹಚ್ಚಿದಳು. ಒಳಗಿನ ಮೈಕಿನ ದನಿಯನ್ನೇ ಅದರ ಸೈಡ್‌ಚೈನಿಗೆ ಕೊಟ್ಟಳು. ಮಳೆಯ ಸಣ್ಣ ಸದ್ದಿಗೆ ಮುಳ್ಳು ಬೀಳದಷ್ಟು ಥ್ರೆಶೋಲ್ಡು ಏರಿಸಿದಳು. ಮನೆಯೊಳಗೆ ಯಾರೂ ಇಲ್ಲ, ಒಳಗೆ ಏನಾದರೂ ಸದ್ದಾದರೆ ಮಾತ್ರ ಡೋಲು ತಗ್ಗುತ್ತದೆ ಎಂದು ಬಿಡಿಸಿ ಹೇಳಿದಳು.

ಡೋಲು ಬಡಿಯಿತು. ಒಂದೇ ಸಮನೆ, ಒಂದೇ ಎತ್ತರದಲ್ಲಿ. ಅಶೋಕಕುಮಾರ ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿದ. ತಾಳಕ್ಕೆ ಅವನ ಕಾಲ್ಬೆರಳು ಕುಣಿಯತೊಡಗಿತು.

ಡೋಲು ತಗ್ಗಿತು. ಮೇಲೆದ್ದಿತು. ಎರಡು ಪೆಟ್ಟಿನ ಮೇಲೆ ಮತ್ತೆ ತಗ್ಗಿತು.

ಕಾಲ್ಬೆರಳು ನಿಂತಿತು. ಇಲಿ ಇರಬೇಕು ಅಂದ ಅಶೋಕಕುಮಾರ, ಯಾರೂ ಕೇಳದಿದ್ದರೂ. ಮತ್ತೆ ತಗ್ಗಿತು. ಈ ಸಲ ಡೋಲು ಬಹಳ ಹೊತ್ತು ಏಳಲೇ ಇಲ್ಲ, ಯಾರೋ ಅದರ ಬಾಯಿ ಒತ್ತಿ ಹಿಡಿದ ಹಾಗೆ. ಪ್ರಣಿತಾ ಮುಸರ್ರತಳ ರೆಟ್ಟೆ ಹಿಡಿದುಕೊಂಡಳು.

ಹೆದರದವಳು ಕಾಂತಾಬಾಯಿ ಒಬ್ಬಳೇ. ಅವಳ ಮುಖ ಅರಳಿತು. ಎದ್ದು ಸೆರಗು ತಲೆಗೆಳೆದುಕೊಂಡು, ಗಂಡಸರ ಮುಂದೆ ಹೋಗುವ ಹೆಂಗಸಿನಂತೆ ಹೊಸ್ತಿಲು ದಾಟಿದಳು. ಯಾರಾದರೂ ಹಿಡಿಯುವಷ್ಟರಲ್ಲಿ ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಳು.

"ಆಯಿ, ಹೊರಗ ಬಾ," ಅಂದ ಅಶೋಕಕುಮಾರ ಹೊಸ್ತಿಲಲ್ಲಿ ನಿಂತು.

"ನಿಮ್ಮಪ್ಪ ಬಡೀಲತ್ತಾರಲ್ಲೋ. ಇಷ್ಟು ವರ್ಸಕ್ಕ ಬಂದಾರ. ನಾ ಹಾಡಿದ್ದು ಕೇಳೇ ಬಂದಾರ. ಅವರು ಒಳಗಿರ್ತಾರ, ನಾ ಎದ್ದು ಓಣ್ಯಾಗ ನಿಂದ್ರಲೇನು?"

ಅಶೋಕಕುಮಾರ ಹೊತ್ತುಕೊಂಡು ಬರಲು ಹೆಜ್ಜೆ ಎತ್ತಿದ. ಮುದುಕಿ ಎರಡೂ ಕೈಯಿಂದ ಕಂಬ ತಬ್ಬಿದಳು. ಕಂಬದ ನೆತ್ತಿಯಿಂದ ಒಂದು ಚಿಟಿಕೆ ಮಣ್ಣು ಉದುರಿ ಅವಳ ಸೆರಗಿನ ಮೇಲೆ ಬಿತ್ತು. ಮುಸರ್ರತ ಅವನ ಅಂಗಿ ಹಿಡಿದೆಳೆದಳು. ಇವಳನ್ನು ಕೀಳುವುದೆಂದರೆ ಕಂಬವನ್ನೇ ಅಲುಗಿಸಿದಂತೆ. ಅದು ಅವನಿಗೂ ಹೊಳೆಯಿತು.

ಆಗ ಮುಸರ್ರತ ಒಳಗಿನ ಮೈಕಿನ ದನಿಯನ್ನಷ್ಟೇ ಹೆಡ್‌ಫೋನಿಗೆ ಬಿಟ್ಟು, ಅದನ್ನು ಹಿಡಿದುಕೊಂಡು, ಅದರ ಉದ್ದ ವೈರನ್ನು ಹಿಂದೆ ಎಳೆಯುತ್ತ ಒಳಗೆ ಹೋದಳು.

ಹೊಸ್ತಿಲಿನಿಂದ ಕಂಬಕ್ಕೆ ಆರು ಹೆಜ್ಜೆ. ಮೊದಲ ಮೂರು ಸಲ ಬಂದಾಗ ಅವಳು ಅದನ್ನು ಹೆಜ್ಜೆಯೆಂದು ಲೆಕ್ಕಿಸಿದವಳೇ ಅಲ್ಲ. ಈಗ ಒಂದೊಂದನ್ನೂ ಎಣಿಸಿಯೇ ಇಟ್ಟಳು. ಕಾಂತಾಬಾಯಿಯ ಮಗ್ಗುಲಿಗೆ ಕೂತಳು. ಇಲ್ಲಿ ಕೂತರೆ ಹೆಡ್‌ಫೋನೂ ಬೇಕಿರಲಿಲ್ಲ; ಬೆನ್ನಿಗೆ ತಾಗಿದ ಕಂಬವೇ ಒಳಗೊಳಗೆ ಕಂಪಿಸಿದ್ದು ತಿಳಿಯುತ್ತಿತ್ತು. ಸುಳ್ಳು ಹೇಳಿ ಎಬ್ಬಿಸಲೇ ಎಂದು ಯೋಚಿಸಿದಳು. ಗಂಡ ಅಲ್ಲ ಎಂದರೆ ಈಕೆ ನಂಬುವುದಿಲ್ಲ. ಆದರೆ ಈಕೆಯ ಕಿವಿ ಸುಳ್ಳಾಡುವ ಕಿವಿಯಲ್ಲ.

"ಆಯಿ, ಅವರು ತಾಳ ಹ್ಯಾಂಗ ಹಾಕ್ತಿದ್ರು?"

"ಹ್ಯಾಂಗಂದ್ರ? ನಾ ಎಲ್ಲಿ ಉಸುರು ಬಿಡ್ತೀನೋ ಅಲ್ಲಿ ಒಂದು. ಕಲ್ಲು ಒಂದು ಸುತ್ತು ತಿರುಗಿದ ಮ್ಯಾಲ ಒಂದು. ಒಂದಿನ ತಪ್ಪಿದವರಲ್ಲ. ಜ್ವರ ಬಂದಾಗೂ ತಪ್ಪಿಲ್ಲ."

"ಹಂಗಾದ್ರ ಹಾಡ್ರಿ. ಸಣ್ಣಗೆ ಹಾಡ್ರಿ. ಅವರು ಹಾಕ್ತಾರ ನೋಡಮ್."

ಹೆಡ್‌ಫೋನನ್ನು ಮುದುಕಿಯ ಕಿವಿಗೆ ಇಟ್ಟಳು. ಕಾಂತಾಬಾಯಿ ಬೀಸುವ ಕಲ್ಲಿನ ಗೂಟವನ್ನು ಕೈಯಲ್ಲಿ ಹಿಡಿದವಳಂತೆ ಮುಷ್ಟಿ ಮಾಡಿ, ಗಾಳಿಯಲ್ಲೇ ತಿರುಗಿಸುತ್ತ ಶುರುಮಾಡಿದಳು.

ಜ್ವಾಳ ಮುಗದಾವ, ಮಾತ ಮುಗದಿಲ್ಲ,
ಇನ್ನೊಂದು ಹಿಡಿ ಹಾಕಿ ಬೀಸ್ತೇನಿ...

ಉಸಿರು ಬಿಟ್ಟಳು. ಕಾದಳು. ಏನೂ ಬರಲಿಲ್ಲ. ಮುಂದಿನ ಸಾಲು ಹಿಡಿದಳು. ಅದರ ನಡುವೆ, ಒಂದು ಪದದ ಹೊಟ್ಟೆಯಲ್ಲೇ ದಪ್ ಎಂದಿತು. ಮುದುಕಿಯ ಹುಬ್ಬು ಗಂಟಾಯಿತು. ತನ್ನದೇ ತಪ್ಪಿರಬೇಕೆಂದು ಮತ್ತೆ ಮೊದಲಿನಿಂದ ಹಾಡಿದಳು. ಕಲ್ಲು ತಿರುಗಿ ಸುತ್ತು ಮುಗಿಯುವ ಜಾಗದಲ್ಲಿ ಬರಿಯ ಮಳೆ. ಆಮೇಲೆ ಒಂದರ ಬೆನ್ನಿಗೊಂದು, ಲಯವಿಲ್ಲ, ಲೆಕ್ಕವಿಲ್ಲ, ಮೂರು ಗುದ್ದು.

ಕಾಂತಾಬಾಯಿಯ ಮುಷ್ಟಿ ಗಾಳಿಯಲ್ಲಿ ನಿಂತಿತು. ಅವಳ ಮುಖದ ಮೇಲಿನ ಸಂತೋಷ ಇಳಿದುಹೋಗುವುದನ್ನು ಮುಸರ್ರತ ಕಂಡಳು. ಅದರ ಜಾಗದಲ್ಲಿ ಬಂದದ್ದನ್ನು ಆ ಮುಖದಲ್ಲಿ ಅವಳು ಹಿಂದೆಂದೂ ನೋಡಿರಲಿಲ್ಲ.

"ಇದು ಅವರಲ್ಲ," ಅಂದಳು ಮುದುಕಿ, ಬಹಳ ಮೆಲ್ಲಗೆ, ಕಂಬಕ್ಕೆ ಕೇಳಿಸಬಾರದೆಂಬಂತೆ. "ಮುಸರ್ರತ, ಇದು ಯಾರ ಮತ್ತ?"

"ಏಳ್ರಿ ಆಯಿ. ಕಂಬ ಮುಟ್ಟಬ್ಯಾಡ್ರಿ. ನನ್ನ ಕೈ ಹಿಡ್ಕೋರಿ."

ಆರು ಹೆಜ್ಜೆ. ಮುದುಕಿಯ ಮೊಣಕಾಲು ಬೇಗ ಏಳುವಂಥವಲ್ಲ. ನಾಲ್ಕನೆಯದಕ್ಕೆ ಅವಳು ಬೀಸುವ ಕಲ್ಲಿನ ಕಡೆ ತಿರುಗಿದಳು, ಮುಸರ್ರತ ಸೊಂಟ ಹಿಡಿದು ಮುಂದಕ್ಕೆ ತಳ್ಳಿದಳು. ಹೊಸ್ತಿಲಾಚೆ ಅಶೋಕಕುಮಾರ ಇಬ್ಬರನ್ನೂ ಹೊರಗೆಳೆದುಕೊಂಡ. ಕಟ್ಟೆಯನ್ನೂ ಬಿಟ್ಟು, ಎದುರುಮನೆಯ ತಗಡಿನ ಪತ್ರಾಸಿನ ಕೆಳಗೆ ಹೋಗಿ ನಿಂತರು. ಹೆಡ್‌ಫೋನು ಇನ್ನೂ ಮುದುಕಿಯ ತಲೆಯ ಮೇಲಿತ್ತು. ಪ್ರಣಿತಾ ಲ್ಯಾಪ್‌ಟಾಪನ್ನೂ ವೈರುಗಳನ್ನೂ ಹೇಗಿದ್ದವೋ ಹಾಗೇ ಎತ್ತಿಕೊಂಡು ಬಂದಳು. ಮೈಕು ಒಳಗೇ ಉಳಿಯಿತು. ಅದರ ವೈರು ಓಣಿಯ ಕೆಸರು ದಾಟಿ ಮನೆಯೊಳಗೆ ಹೋಗಿತ್ತು.

ಹತ್ತು ನಿಮಿಷ ಏನೂ ಆಗಲಿಲ್ಲ. ಮಂದಿ ಸೇರಿದರು. ಏನಾಯಿತೆಂದು ಕೇಳಿದವರಿಗೆ ಅಶೋಕಕುಮಾರ ಒಂದೊಂದು ಸಲ ಒಂದೊಂದು ತರಹ ಹೇಳಿದ. ಇಪ್ಪತ್ತು ನಿಮಿಷವಾಯಿತು. ಯಾರೋ ನಕ್ಕರು. ಈಗ ಮುಸರ್ರತಳಿಗೆ ಬೇರೆ ಹೆದರಿಕೆ ಹತ್ತಿತು. ತಾನು ತಪ್ಪಿದ್ದರೆ ಇವರೆಲ್ಲ ರಾತ್ರಿ ಒಳಗೇ ಮಲಗುತ್ತಾರೆ, ಮುಂದೆಂದೂ ತನ್ನ ಮಾತು ಕೇಳುವುದಿಲ್ಲ. ಕಾಳಿನ ಚೀಲವಾದರೂ ತರುತ್ತೇನೆಂದು ಅಶೋಕಕುಮಾರ ಲುಂಗಿ ಎತ್ತಿ ಕಟ್ಟಿ ಓಣಿಗೆ ಇಳಿದ.

ಮುಳ್ಳು ಬಿತ್ತು. ಬಿದ್ದದ್ದು ಏಳಲಿಲ್ಲ. ಡೋಲು ತೀರಾ ಕೆಳಗೆ, ಭೂಮಿಯೊಳಗಿಂದ ಬರುವಂತೆ ಬಡಿಯುತ್ತಿತ್ತು.

"ಕಾಕಾ, ನಿಂದ್ರಿ."

ಅವನು ನಿಂತ. ಓಣಿಯ ನಡುವೆ, ಒಂದು ಕಾಲು ಕೆಸರಿನಲ್ಲಿ.

ಸದ್ದು ದೊಡ್ಡದೇನಲ್ಲ. ಒದ್ದೆ ಮಣ್ಣಿಗೆ ಗದ್ದಲವಿಲ್ಲ. ಮಾಳಿಗೆ ನಡುವಿನಲ್ಲಿ ಸುಮ್ಮನೆ ತಗ್ಗಿತು, ಮತ್ತಷ್ಟು ತಗ್ಗಿತು, ಬಾಗಿಲಿನಿಂದ ಹೊಗೆಯಂಥ ಕಂದು ಉಸಿರೊಂದು ಹೊರಗೆ ಬಂತು. ಆಮೇಲೆ ಬಾಗಿಲೇ ಕಾಣಲಿಲ್ಲ. ಎಲ್ಲೋ ಒಂದು ಕುರಿ ಒದರಿತು.

ಅಶೋಕಕುಮಾರ ನಿಂತಲ್ಲೇ ಕುಕ್ಕರಿಸಿದ. ಆ ಗೇಣು ಮಣ್ಣು ಹಾಕಿಸಿದ್ದು ನಾನೇ ಎಂದು ಮುಸರ್ರತ ಹೇಳಬೇಕೆಂದುಕೊಂಡಳು. ಮಣ್ಣಿನ ಮಾತು ಅವನಿಗೂ ಗೊತ್ತಿತ್ತು. ಅವನು ಅವಳ ಕಡೆ ನೋಡಿದ, ಬೈಯಲಿಲ್ಲ. ಇನ್ನೊಂದು ದಿನ ಬೈಯುತ್ತಾನೇನೋ.

ಲ್ಯಾಪ್‌ಟಾಪಿನಲ್ಲಿ ಡೋಲು ಮತ್ತೆ ಮೇಲೆದ್ದಿತ್ತು. ಪೂರಾ ದನಿಯಲ್ಲಿ, ಅಡೆತಡೆಯಿಲ್ಲದೆ ಬಡಿಯುತ್ತಿತ್ತು. ಮಣ್ಣಿನಡಿಯ ಮೈಕು ಸತ್ತು, ಮುಳ್ಳು ಕದಲುತ್ತಿರಲಿಲ್ಲ. ಪ್ರಣಿತಾ ಅದನ್ನು ನಿಲ್ಲಿಸೆಂದು ಕೈಸನ್ನೆ ಮಾಡಿದಳು. ಮುಸರ್ರತ ನಿಲ್ಲಿಸಿದಳು.

ಕಾಂತಾಬಾಯಿ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು, ಮಣ್ಣಿನೊಳಗೆ ಹೋದ ವೈರನ್ನೇ ನೋಡುತ್ತ ಕೂತಿದ್ದಳು.

"ಏನಾರ ಕೇಳ್ತದೇನ್ರಿ ಆಯಿ?"

ಮುದುಕಿ ಇಲ್ಲವೆಂದು ತಲೆಯಾಡಿಸಿದಳು. ತೆಗೆಯಲು ಮಾತ್ರ ಬಿಡಲಿಲ್ಲ.